ಊರಿನದೇ ಮರ

ಕೋಟೆ ಗೋಡೆಗೆ ಅಂಟಿಕೊಂಡ ಹಳೇ ಬೀದಿಯಲ್ಲಿ ದೊಡ್ಡಮ್ಮ ಬಾಡಿಗೆಗಿದ್ದಳು. ತೀರಿಕೊಂಡ ತಂಗಿಯ ಮಗಳನ್ನು ಅಲ್ಲೇ ಸಾಕಿ, ಓದಿಸಿ, ಆರ್ಕಿಟೆಕ್ಟ್ ಮಾಡಿದ್ದಳು. ಆ ಬೀದಿಯವರಿಗೆ ನಾಲ್ಕು ಜನ ಸೇರಿ ಕೂರಲು ಒಂದು ಸೂರಿರಲಿಲ್ಲ. ಮದುವೆಯಾಗಲಿ ಸಾವಾಗಲಿ, ರಸ್ತೆಯಲ್ಲೇ ಕುರ್ಚಿ ಹಾಕಬೇಕು. ಪುರಸಭೆ ಸಮುದಾಯ ಭವನ ಕಟ್ಟುತ್ತದಂತೆ ಎಂದು ತಿಳಿದದ್ದೇ ತಡ, ಮಗಳು ಟೊಂಕ ಕಟ್ಟಿ ನಿಂತಳು. ದೊಡ್ಡಮ್ಮನೂ ಅಕ್ಕಪಕ್ಕದವರೂ ಕಾಲು ಚಾಚಿ ಕೂರುವಂಥ ಮರದ ಭವನ ಆಗಲೇಬೇಕೆಂದು ಹಟ ಹಿಡಿದಳು.

ಪುರಸಭೆಯವರಿಗೆ ಕಾಂಕ್ರೀಟು ಬೇಕಿತ್ತು. ಅವಳು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ನಕ್ಷೆಯ ಮೂಲೆಯಲ್ಲಿ ಒಂದು ಷರತ್ತನ್ನೂ ಹಾಕಿದಳು: ಹೊಸದಾಗಿ ಒಂದು ಮರವನ್ನೂ ಕಡಿಯಕೂಡದು, ಒಮ್ಮೆ ಬಳಸಿದ ಹಳೆಯ ಮರವನ್ನೇ ಮತ್ತೆ ಬಳಸಬೇಕು, ಅದೂ ಊರೊಳಗಿನದೇ ಆಗಿರಬೇಕು. ಪುರಸಭೆ ನಡೆಸಿದ ನಕ್ಷೆ ಸ್ಪರ್ಧೆಯ ತೀರ್ಪುಗಾರರು ತಲೆದೂಗಿ ಇವಳ ನಕ್ಷೆಯನ್ನೇ ಆರಿಸಿದರು. ಹಳೆಯ ಮರ ಊರೊಳಗೆ ಎಲ್ಲಿ ಬಿದ್ದಿದೆ ಎಂದು ಒಬ್ಬರಾದರೂ ಕೇಳಬೇಕಲ್ಲ? ಬುದ್ಧಿವಂತರು ಹಾಗೆಲ್ಲ ಕೇಳುವುದಿಲ್ಲ.

ಕೇಳಿದವನು ಗುತ್ತಿಗೆದಾರ, ಅದೂ ಆ ಹಳೇ ಬೀದಿಯ ಮನೆ ಮಾಲೀಕರನ್ನು. ಬಾಡಿಗೆಗಿಂತ ಮನೆಯ ತೊಲೆ ಕಂಬ ಮಾರಿದರೇ ಲಾಭ ಎಂದು ಹೊಳೆದದ್ದೇ, ಅವರು ಬಾಡಿಗೆದಾರರಿಗೆ ಮನೆ ಖಾಲಿ ಮಾಡಿ ಅಂದುಬಿಟ್ಟರು. ಬೀದಿಯ ಒಂದು ಸಾಲು ಪೂರ್ತಿ ಬಿಚ್ಚಿಹೋದ ಮೇಲೆ ಅವಳಿಗೆ ಸುದ್ದಿ ಮುಟ್ಟಿತು. ಓಡಿ ಬಂದು ಗುತ್ತಿಗೆದಾರನ ಮೇಲೆ ಹರಿಹಾಯ್ದಳು.

"ನೀವೇ ಹೇಳಿದ್ದಲ್ವಾ ಮೇಡಂ?" ಅವನಿಗೆ ನಿಜಕ್ಕೂ ಬೇಜಾರಾಗಿತ್ತು. "ಊರೊಳಗೆ ಹಳೇ ಮರ ಮನೇಲಲ್ದೆ ಇನ್ನೆಲ್ಲಿರುತ್ತೆ? ಬೇಡ ಅಂದ್ರೆ ಆ ಷರತ್ತು ತೆಗೀರಿ. ನಾಳೆನೇ ಕಾಂಕ್ರೀಟ್ ಹಾಕಿಸ್ತೀನಿ."

ತೆಗೆದಿದ್ದರೆ ಎದುರು ಸಾಲು ಉಳಿಯುತ್ತಿತ್ತು. ದೊಡ್ಡಮ್ಮನ ಮನೆ ಇದ್ದದ್ದು ಅಲ್ಲೇ. ಆದರೆ ಮರದ ಭವನ ಕೈತಪ್ಪುತ್ತಿತ್ತು. ನೋಡೋಣ ಎಂದು ಹೋದವಳು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಎದುರು ಸಾಲೂ ಬಿಚ್ಚಿಹೋಯಿತು. ದೊಡ್ಡಮ್ಮನಿಗೆ ಊರಾಚೆ ಒಂದು ಕೋಣೆ ಹುಡುಕಿಕೊಟ್ಟು, ಇದೆಲ್ಲ ನಿನ್ನ ಭವನಕ್ಕೋಸ್ಕರವೇ ಎಂದು ಸಮಾಧಾನ ಹೇಳಿದಳು. ಎಲುಬಿಲ್ಲದ ನಾಲಿಗೆ, ಅದಕ್ಕೇನು?

ಉದ್ಘಾಟನೆಯ ದಿನ ಭವನ ಕಿಕ್ಕಿರಿದಿತ್ತು. ಎಲ್ಲೆಲ್ಲಿಂದಲೋ ಬಂದ ಎಂಜಿನಿಯರುಗಳು ಕಂಬಗಳನ್ನು ಸವರಿ ಸವರಿ ನೋಡಿದರು. ದೊಡ್ಡಮ್ಮ ಬಸ್ಸು ಬದಲಿಸಿಕೊಂಡು ಬಂದಳು. ಮಗಳು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲೇ ಕೂತಳು. ದೊಡ್ಡಮ್ಮ ಸೂರನ್ನು ನೋಡಿದಳು, ಹಿಂದಕ್ಕೆ ತಿರುಗಿ ಮುಖಗಳನ್ನು ನೋಡಿದಳು. ಒಂದು ಮುಖದ ಗುರುತೂ ಸಿಗಲಿಲ್ಲ.

"ಚೆನ್ನಾಗಿದೆ ಕಣೇ. ನಾಳೆಯಿಂದ ಇಲ್ಲಿ ಯಾರು ಬಂದು ಕೂರ್ತಾರೆ?"

"ನಮ್ಮ ಬೀದಿಯವರು, ದೊಡ್ಡಮ್ಮ."

"ಅವರೆಲ್ಲ ಎಲ್ಲಿದಾರೆ ಅಂತ ನಿಂಗೇನಾದ್ರೂ ಗೊತ್ತಾ? ಗೊತ್ತಿದ್ರೆ ಹೇಳು, ಹೋಗಿ ನೋಡ್ಕೊಂಡು ಬರ್ತೀನಿ."

ಅಷ್ಟರಲ್ಲಿ ಸನ್ಮಾನಕ್ಕೆ ವೇದಿಕೆಯಿಂದ ಕರೆದರು. ಸದ್ಯ, ಉತ್ತರ ಹೇಳುವುದು ತಪ್ಪಿತಲ್ಲ ಎಂದು ಮಗಳು ಸರಸರನೆ ಎದ್ದು ಹೋದಳು.