ಅಪ್ಪನ ಮೀಸೆ ಹೋದದ್ದು

ಬಸವಂತ ಮೀಸೆ ಬೋಳಿಸಿದ್ದು ಕಪ್ಪು ಬಣ್ಣ ಹಚ್ಚಿ ತುಟಿಯ ಮೇಲೆಲ್ಲ ತುರಿಕೆ ಎದ್ದದ್ದಕ್ಕೆ. ಮದುವೆಗೂ ಮೊದಲಿನಿಂದ ಇದ್ದ ಮೀಸೆ ಅದು. ನಾಗಪುರದ ಅಜನಿ ರೈಲ್ವೆ ಕ್ವಾರ್ಟರ್ಸಿನಲ್ಲೆಲ್ಲ ಅದೇ ಸುದ್ದಿ. ಹಾಲಿನವನು ಬಾಗಿಲಲ್ಲಿ ನಿಂತು, "ಸಾಹೇಬ್ ಹೈ ಕ್ಯಾ?" ಎಂದು ಸಾಹೇಬನನ್ನೇ ಕೇಳಿದ. ಹೆಂಡತಿ ಕಲಾವತಿಯಂತೂ ಯಾರೋ ಪರಕೀಯರು ಊಟಕ್ಕೆ ಕೂತಂತೆನಿಸಿ ಬಡಿಸುವಾಗೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಆ ಶನಿವಾರ ಮಗ ಹೃಷಿಕೇಶ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಿಂದ ಮೊದಲ ಸಲ ಮನೆಗೆ ಬಂದ. ಅಪ್ಪನ ಕಾಲು ಮುಟ್ಟಿದ, ಕೈಕಟ್ಟಿ ನಿಂತ, ಕೇಳಿದ್ದಕ್ಕೆಲ್ಲ "ಹೌದ್ರಿ, ಇಲ್ರಿ" ಎಂದ. ಮೀಸೆಯ ಮಾತೇ ಎತ್ತಲಿಲ್ಲ.

"ನೋಡಿದೇನ ಕಲಾ? ನಾವು ಇಷ್ಟ್ ವರ್ಷ ಬಡಕೊಂಡ್ರೂ ಬರಲಾರದ ವಿನಯ ಹಾಸ್ಟೆಲ್ ಕಲಿಸೇತಿ. ಮೀಸಿ ಹೋತಂತ ಒಂದೀಟು ನಗಲಿಲ್ಲ!" ಬಸವಂತ ಹಿಗ್ಗಿದ.

ಕಲಾವತಿ ಹೂಂ ಅಂದಳು. ಆದರೆ ಅವಳು ಬೈತಲೆ ಬದಲಿಸಿದರೂ ವಾರಗಟ್ಟಲೆ ಕಾಡಿಸುತ್ತಿದ್ದ ಹುಡುಗ, ಮೀಸೆ ಹೋದದ್ದನ್ನು ಸುಮ್ಮನೆ ಬಿಟ್ಟಾನೆಯೆ? ಊಟದ ಹೊತ್ತಿಗೆ ಗಮನವಿಟ್ಟು ನೋಡಿದಳು. ಅವನ ಕಣ್ಣು ಅಪ್ಪನ ಅಂಗಿಯ ಗುಂಡಿಗೆ ಅಂಟಿಕೊಂಡಿತ್ತು. ಅವಳೊಡನೆ ಮಾತಾಡುವಾಗ ಅವಳ ತಾಳಿಗೆ. ಯಾರ ಮುಖಕ್ಕೂ ಏರಲಿಲ್ಲ. ಸುಮ್ಮನೆ ಚಿಂತೆ ಹಚ್ಚಿಕೊಳ್ಳುವುದು ತನ್ನ ಚಟವೇ ಇರಬೇಕು ಎಂದುಕೊಂಡಳು. ಆದರೂ ಮನಸ್ಸು ಸುಮ್ಮನಾಗಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅವನನ್ನು ಒಲೆಯ ಹತ್ತಿರ ಕೂಡಿಸಿಕೊಂಡಳು. ಬೆನ್ನು ಅವನ ಕಡೆಗೇ ಇತ್ತು.

"ಅಪ್ಪನ ಅಂಗಿ ಗುಂಡಿ ಅಷ್ಟ್ ಚಂದ ಅದಾವೇನೋ ಹೃಷಿ?"

ಅವಳು ತಿರುಗಲಿಲ್ಲ. ಇನ್ನೊಂದು ರೊಟ್ಟಿ ತಟ್ಟಿದಳು.

"ಹಂಗ ನೋಡಬೇಕವ್ವ, ಮೂರನೇ ಗುಂಡಿ. ಸೀನಿಯರ್ ಮುಂದ ತಲಿ ಎತ್ತಿದ್ರ ಹೊಡೀತಾರ."

ಹೆಂಚಿನ ಮೇಲೆ ರೊಟ್ಟಿ ಸೀದಿತು. ಮೊದಲೇ ಯಾಕೆ ಹೇಳಲಿಲ್ಲ ಎಂಬ ಮಾತು ನಾಲಿಗೆಯವರೆಗೆ ಬಂತು, ನುಂಗಿಕೊಂಡಳು.

"ಹೇಳಿದ್ದು ಚಲೋ ಆತು. ತಪ್ಪು ನಿಂದಲ್ಲ."

ಆಮೇಲೆ ಎಲ್ಲ ಬಂತು. ಮೇಜಿನ ಮೇಲೆ ನಿಲ್ಲಿಸುವುದು, ಕೆನ್ನೆಗೆ ಬಿಡುವುದು, ಕೋಣೆಯ ಗೆಳೆಯ ಪ್ರಸನ್ನ ಅಳುವುದು. "ನಾ ತಿರುಗಿ ಹೋಗೂದಿಲ್ಲ. ಕಾಲೇಜ ಬಿಡ್ತೀನಿ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಬಸವಂತ ಸ್ಕೂಟರಿನ ಕೀಲಿಗೆ ಕೈ ಹಾಕಿದ. "ಯಾವಾಂವ ಅಂವ? ಕಾಲ್ ಮುರದು ಬರ್ತೀನಿ!"

"ನೀವು ಮುರದು ಬರ್ರಿ, ಸಂಜಿಗೆ ತಿರುಗಿ ಹೊಡ್ತ ತಿನ್ನಾಂವ ಇಂವ. ಕೂಡ್ರಿ ಸುಮ್ಮನ." ಕಲಾವತಿ ಮಗನನ್ನು ಕೇಳಿದಳು, "ಪ್ರಿನ್ಸಿಪಾಲರ ಮುಂದ ಹೇಳ್ತೀಯೇನು?"

"ನಾ ಒಬ್ಬನ ಹೇಳಿದ್ರ ನನ್ನೊಬ್ಬನ್ನ ಹಿಡೀತಾರ."

"ಒಬ್ಬನ ಯಾಕ?" ಎಂದು ಅವಳು ಹತ್ತಿರದ ಕಾಮಠಿ ಊರಿಗೆ, ಪ್ರಸನ್ನನ ತಾಯಿ ಪ್ರಭಾಗೆ ಫೋನು ಹಚ್ಚಿ ಎಲ್ಲ ಹೇಳಿದಳು.

"ಅಯ್ಯ, ನಮ್ಮಾಂವ ಹಾಸಿಗಿ ಮಡಚಾಕ ಹತ್ಯಾನಂತ ನಾ ಓಣಿಗೆಲ್ಲ ಪೇಢೆ ಹಂಚೇನಲ್ರಿ!" ಎಂದು ಪ್ರಭಾ ಹಣೆ ಬಡಿದುಕೊಂಡಳು. ಮರುಕ್ಷಣ, "ಇದಕ್ಕ ಸರಕಾರ ಕಾಯ್ದಾ ಮಾಡೇತಿ. ನಾಳೆ ಕೂಡೇ ಹೋಗೂಣು," ಎಂದಳು.

ಸೋಮವಾರ ಪ್ರಸನ್ನ, ಪ್ರಭಾ ಸಹಿತ ಎಲ್ಲರೂ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತರು. ಹೃಷಿಕೇಶನ ತಲೆ ಬಗ್ಗಿಯೇ ಇತ್ತು. ದೂರು ಕೇಳಿ, ಇದೆಲ್ಲ ಸಣ್ಣ ತಮಾಷೆ ಎಂಬಂತೆ ವಾರ್ಡನ್ ನಕ್ಕ. "ಥೋಡಾ ಮಜಾಕ್ ಹೋತಾ ಹೈ, ಬೆಹೆನ್‌ಜೀ."

ಕಲಾವತಿ ಎದ್ದು ನಿಂತು, ತನ್ನ ಹರಕು ಹಿಂದಿಯಲ್ಲಿ ಹೇಳಿದಳು: "ಸರ್, ನನ್ನ ಗಂಡನ ಮೀಸೆ ಹೋದ ದಿನ ಓಣಿಯ ನಾಯಿ ಸಹ ಗುರುತು ಸಿಗದೆ ಬೊಗಳಿತು. ಶನಿವಾರದಿಂದ ಒಂದೇ ಮನೆಯಲ್ಲಿರುವ ಮಗನಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಮುಖ ನೋಡಲು ಅಷ್ಟು ಹೆದರಿದ್ದಾನೆ. ಇದು ಮಜಾಕೇ?"

ಹೃಷಿಕೇಶನ ಕಣ್ಣು ಅಪ್ಪನ ಮೂರನೆಯ ಗುಂಡಿಯಿಂದ ಕಾಲರಿಗೆ, ಕಾಲರಿನಿಂದ ಗದ್ದಕ್ಕೆ, ನಿಧಾನ ಮೇಲೇರಿ ತುಟಿಯ ಹತ್ತಿರ ನಿಂತಿತು.

"ಅಪ್ಪಾ! ಏನ್ ಮಾಡ್ಕೊಂಡಿ ಇದು? ಸಿಪ್ಪಿ ಸುಲದ ಆಲೂ ಕಂಡಂಗ ಕಾಣ್ತಿ!"

ಪ್ರಸನ್ನ ಫಕ್ಕನೆ ನಕ್ಕುಬಿಟ್ಟ. ಪ್ರಿನ್ಸಿಪಾಲರು ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಬೇಟಾ, ಈಗ ಹೊಡೆದವರ ಹೆಸರು ಹೇಳು," ಎಂದರು. ಹೃಷಿಕೇಶ ಅವರ ಮುಖ ನೋಡಿಯೇ ಹೇಳಿದ. ಪ್ರಸನ್ನನೂ ಹೇಳಿದ. ಸಂಜೆಯೊಳಗೆ ಆ ಸೀನಿಯರ್‌ಗಳು ಹಾಸ್ಟೆಲಿನಿಂದ ಹೊರಬಿದ್ದರು. ಹೊಸಬರ ಮಂಚಗಳು ಮೇಷ್ಟ್ರುಗಳ ಮನೆ ಪಕ್ಕದ ಕಟ್ಟಡಕ್ಕೆ ಹೋದವು.

ಗೇಟಿನ ಹತ್ತಿರ ಬಸವಂತ ಸ್ಕೂಟರಿಗೆ ಕಿಕ್ ಹೊಡೆಯುತ್ತ ಗೊಣಗಿದ, "ಹೆತ್ತಪ್ಪಗ ಆಲೂ ಅಂತಾನ. ಮರ್ಯಾದಿ ಅನ್ನೂದ ಇಲ್ಲ." ಮುಖ ಮಾತ್ರ ಅರಳಿತ್ತು.

"ಮೊದಲ ಮೀಸಿ ಬಿಡ್ರಿ," ಎಂದು ಕಲಾವತಿ ಹಿಂದೆ ಹತ್ತಿ ಕೂತಳು. "ಆಮೇಲೆ ಮರ್ಯಾದಿ ಕೇಳೀರಂತ."