ಹದಿನೇಳನೆಯ ತುಂಡು

ಹನ್ನೊಂದು ವರ್ಷದಿಂದ ನನ್ನ ಕೆಲಸ ಒಂದೇ: ಆಪರೇಷನ್‌ನಲ್ಲಿ ಕತ್ತರಿಸಿ ತೆಗೆದ ಲಿವರ್ ತುಂಡುಗಳನ್ನು ನುಣ್ಣಗೆ ಅರೆದು, ಅದರೊಳಗಿನ ಒಂದು ಕಿಣ್ವವನ್ನು ಬೇರ್ಪಡಿಸುವುದು. ಬೀಟೈನ್ ಎಂಬ ಅಣುವಿನಿಂದ ಒಂದು ಮೀಥೈಲ್ ಗುಂಪನ್ನು ಕಿತ್ತು ಹೋಮೊಸಿಸ್ಟೀನ್‌ಗೆ ಅಂಟಿಸುವುದು ಆ ಕಿಣ್ವದ ಕಸುಬು. ಹೋಮೊಸಿಸ್ಟೀನ್ ರಕ್ತದಲ್ಲಿ ಹೆಚ್ಚಾದರೆ ಕಾಟ. ಮೀಥೈಲ್ ಸಿಕ್ಕಿತೋ, ಅದೇ ಮೆಥಿಯೋನಿನ್ ಆಗಿ ಮೈಗೆ ಬೇಕಾದ ವಸ್ತುವಾಗುತ್ತದೆ. ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳದಂತೆ ಕಿಣ್ವ ಇಲ್ಲಿಂದ ಎತ್ತಿ ಅಲ್ಲಿಡುತ್ತದೆ, ತನಗೇನೂ ಉಳಿಸಿಕೊಳ್ಳುವುದಿಲ್ಲ.

ಅಪ್ಪನ ಲಿವರ್‌ನಲ್ಲಿ ಗಡ್ಡೆ ಎಂದು ಗೊತ್ತಾದಾಗ ನಮ್ಮ ಪ್ರೊಫೆಸರ್ ಕೇಳಿದ್ದರು, ಗಡ್ಡೆಯ ಪಕ್ಕದ ಒಳ್ಳೆಯ ಭಾಗ ನಮಗೆ ಸಿಗಬಹುದೇ ಎಂದು.

"ಬೇಡ ಸರ್. ಅಪ್ಪನನ್ನ ನನ್ನ ಕೈಯಾರೆ ಅರೆಯೋಕಾಗಲ್ಲ."

"ಆಯ್ತಮ್ಮ, ಬಿಡು. ನೀನು ನನ್ನ ಮಗಳಿದ್ದ ಹಾಗೆ."

ಆಪರೇಷನ್ ಆಗಿ ಮೂರು ತಿಂಗಳಿಗೆ ಅಪ್ಪ ಹೋದ. ಪ್ರೊಫೆಸರ್ ಮನೆಗೆ ಬಂದು ತಲೆ ಸವರಿ ಸಮಾಧಾನ ಹೇಳಿದರು.

ಕೆಲಸಕ್ಕೆ ಮರಳಿದ ಮೇಲೆ ಅವರು ಫ್ರೀಜರ್‌ನಿಂದ ತೆಗೆದು ಕೊಟ್ಟ ಮೊದಲ ತುಂಡು, ಆಗ ಬರೆಯುತ್ತಿದ್ದ ಲೇಖನದ ಸಾಲಿನಲ್ಲಿ ಹದಿನೇಳನೆಯದು. ತುಂಡುಗಳಿಗೆ ಹೆಸರಿರುವುದಿಲ್ಲ, ಬರೀ ನಂಬರ್. ಅದು ನಾರುನಾರಾಗಿ ಬ್ಲೇಡಿಗೆ ಸುತ್ತಿಕೊಂಡಿತು. "ಏನು ಹಠ ನಿಂದು ಮಾರಾಯ!" ಎಂದು ಬೈದೆ. ಪಕ್ಕದ ಮೇಜಿನವಳು ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಕಿಣ್ವ ಮಾತ್ರ ಉಳಿದೆಲ್ಲದಕ್ಕಿಂತ ಚುರುಕಾಗಿತ್ತು.

ನಿನ್ನೆ, ನಮ್ಮ ಲೇಖನ ಪ್ರಕಟಿಸುವವರು ರೋಗಿಗಳ ಒಪ್ಪಿಗೆ ಪತ್ರಗಳನ್ನು ಕೇಳಿದರು. ಪ್ರೊಫೆಸರ್ ಬೀರುವಿನ ಬೀಗದಕೈ ನನ್ನತ್ತ ತಳ್ಳಿ, "ಎಲ್ಲಾ ಸ್ಕ್ಯಾನ್ ಮಾಡಮ್ಮ" ಎಂದರು. ಎಲ್ಲವನ್ನೂ ನನಗೇ ಒಪ್ಪಿಸಿ ರೂಢಿಯಾಗಿ, ಯಾವುದನ್ನು ನನ್ನಿಂದ ಮುಚ್ಚಿಡಬೇಕೆಂಬುದೇ ಅವರಿಗೆ ಮರೆತುಹೋಗಿತ್ತು.

ಹದಿನೇಳನೆಯ ತುಂಡಿನ ಹಾಳೆಯಲ್ಲಿ ಅಪ್ಪನ ಸಹಿ. ಕೆಳಗೆ ಅವನದೇ ಅಕ್ಷರದಲ್ಲಿ: 'ಮಗಳಿಗೆ ತಿಳಿಸಬಾರದು.'

ಹಾಳೆ ಹಿಡಿದು ಅವರ ಕೋಣೆಗೆ ನುಗ್ಗಿದೆ.

"ನಿಮ್ಮಪ್ಪನೇ ಒಪ್ಪಿದ್ದು ಕಣಮ್ಮ," ಎಂದರು ಪ್ರೊಫೆಸರ್. "ನಾನೇನು ಬಲವಂತ ಮಾಡ್ಲಿಲ್ಲ. ನಿನ್ನ ಕೆಲಸಕ್ಕೇ ಆಗುತ್ತೆ ಅಂದೆ, ಖುಷಿಯಾಗಿ ಸೈನ್ ಹಾಕಿದ್ರು."

"ಅರೆಯೋಕೆ ಬೇರೆ ಯಾರೂ ಇರ್ಲಿಲ್ವಾ?"

"ನಿನ್ನಷ್ಟು ಚೆನ್ನಾಗಿ ಯಾರು ಮಾಡ್ತಾರೆ?"

ಹೊಗಳುತ್ತಿದ್ದಾರೆ! ಮೈಯೆಲ್ಲ ಉರಿದುಹೋಯಿತು. ಇಬ್ಬರೂ ಸೇರಿ ನನಗೆ ಮೋಸ ಮಾಡಿದ್ದರು. ಅಪ್ಪನ ಮೇಲೂ ಕೆಟ್ಟ ಸಿಟ್ಟು ಬಂತು. ಸತ್ತವನ ಹತ್ತಿರ ಜಗಳವಾಡುವುದಾದರೂ ಹೇಗೆ? ಬೀಗದಕೈಯನ್ನು ಅವರ ಮೇಜಿನ ಮೇಲೆ ಎಸೆದೆ.

"ಲಿವರ್ ಅಪ್ಪಂದು ಸರ್, ಕೊಟ್ಟ. ಕೈ ನಂದು. ಅದನ್ನ ನಿಮಗೆ ಯಾರು ಕೊಟ್ರು?"