ಸೋಲಲು ಕೂತವಳು

ಮೆಟ್ಟಿಲ ಕೆಳಗಿನ ಬೀಗದ ಅಂಗಡಿಯವಳು ಆ ಮಧ್ಯಾಹ್ನ ಇಸ್ಪೀಟಾಟಕ್ಕೆ ಕೂತದ್ದು ಸೋಲಲೇಬೇಕು ಎಂದು. ಗೆಲ್ಲುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಸೋತು ಅಭ್ಯಾಸವೇ ಇರಲಿಲ್ಲ.

ಎದುರಿಗೆ ಕೂತವನು ಆ ಕಟ್ಟಡದ ಲಿಫ್ಟ್ ರಿಪೇರಿಯವನು. ಕಟ್ಟಡಕ್ಕೆಲ್ಲ ಅವನು ಲಿಫ್ಟಣ್ಣ. ಅವಳೊಬ್ಬಳು ಮಾತ್ರ ಅಪ್ಪಿತಪ್ಪಿಯೂ ಅಣ್ಣ ಎನ್ನದೆ ‘ಲಿಫ್ಟಿನವರೇ’ ಎನ್ನುತ್ತಿದ್ದಳು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷದಿಂದ ಊಟದ ಬಿಡುವಿನಲ್ಲಿ, ಕೌಂಟರಿನ ಮೇಲಿನ ಹಿತ್ತಾಳೆ ಪುಡಿಯನ್ನು ಅಂಗೈಯಲ್ಲಿ ಒರೆಸಿ, ಇಬ್ಬರೂ ಒಂದಾಟ ಆಡುತ್ತಿದ್ದರು. ಗೆದ್ದವರು ಒಂದು ಅಪ್ಪಣೆ ಕೊಡಬೇಕು, ಸೋತವರು ತುಟಿಪಿಟಕ್ಕೆನ್ನದೆ ನಡೆಸಬೇಕು. ಪಾಪ, ಅವನು ಶಟರಿಗೆ ಎಣ್ಣೆ ಹಾಕಿದ್ದ, ಫ್ಯಾನು ಒರೆಸಿದ್ದ, ಒಮ್ಮೆ ರಸ್ತೆಯಲ್ಲಿ ನಿಂತು ಕೋಳಿಯ ಹಾಗೆ ಕೂಗಿಯೂ ಇದ್ದ.

ಅವತ್ತು ಅವನ ಕಡೆಯ ದಿನ. ಕಂಪನಿ ಬೇರೆ ಊರಿಗೆ ವರ್ಗ ಮಾಡಿತ್ತು. ನಾಲ್ಕು ಗಂಟೆಗೆ ಬಸ್ಸು.

“ಇವತ್ತು ನಾನು ಗೆದ್ರೆ ಅಪ್ಪಣೆ ಗಿಪ್ಪಣೆ ಬೇಡ, ಒಂದು ಮಾತು ಕೇಳ್ತೀನಿ,” ಎಂದ ಎಲೆ ಕಲೆಸುತ್ತ. ಅವನ ಕಿವಿ ಕೆಂಪಾಗಿತ್ತು. “ನೀವು ಬೇಕಂತ ಸೋತ್ರೆ ಮಾತ್ರ ಕೇಳಲ್ಲ. ಬಿಟ್ಟುಕೊಟ್ಟ ಆಟ ನಂಗೆ ಬೇಡ.”

“ನಾನಾ? ಬಿಟ್ಟುಕೊಡೋದಾ? ಕನಸು ಕಾಣ್ಬೇಡಿ!” ಎಂದು ಅವಳು ರೇಗಿದಳು.

ಆ ಒಂದು ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ತಾನೇ ಕೇಳಬಹುದಿತ್ತಲ್ಲ ಎಂದರೆ, ನಲವತ್ತಕ್ಕೆ ಹತ್ತಿರ ಬಂದರೂ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಬೈದು ಮಾಡಿಸಿಕೊಳ್ಳುವುದು ಬರುತ್ತಿತ್ತು, ಕೇಳುವುದು ಬರುತ್ತಿರಲಿಲ್ಲ. ಈಗ ಅವನು ಗೆಲ್ಲಬೇಕು, ಕೇಳಬೇಕು, ಬಸ್ಸು ಹೊರಡುವ ಮುಂಚೆ.

ಆಟ ಸರಳ. ತಲಾ ಒಂಬತ್ತು ಎಲೆ. ಒಬ್ಬರು ಇಳಿಸಿದ ಜಾತಿಯದನ್ನೇ ಇನ್ನೊಬ್ಬರೂ ಹಾಕಬೇಕು, ದೊಡ್ಡ ಎಲೆಯವರಿಗೆ ಆ ಕೈ, ಮುಂದಿನದನ್ನು ಇಳಿಸುವವರೂ ಅವರೇ. ಆ ಜಾತಿ ಇಲ್ಲದಿದ್ದರೆ ಬೇಡದ ಎಲೆ ಎಸೆಯಬಹುದು, ಇಲ್ಲವೇ ತುರುಫು ಹೊಡೆದು ಕೈ ಕಿತ್ತುಕೊಳ್ಳಬಹುದು. ಐದು ಕೈ ಆದವರು ಗೆದ್ದಂತೆ. ಹಿಂದಿನ ದಿನ ಸೋತವರು ಮೊದಲು ಇಳಿಸಬೇಕು. ಎಂದರೆ ಯಾವಾಗಲೂ ಅವನೇ.

ಅವತ್ತಿನ ತುರುಫು ಆಟೀನು. ಎಲೆ ಬಿಡಿಸಿ ನೋಡಿದವಳಿಗೆ ಜೀವವೇ ಬಾಯಿಗೆ ಬಂತು. ತುರುಫಿನ ಎಕ್ಕ, ತುರುಫಿನ ರಾಜ, ಇಸ್ಪೀಟಿನ ಎಕ್ಕ, ರಾಜ, ಕಳಾವರಿನ ಎಕ್ಕ. ಬೇರೆ ದಿನವಾಗಿದ್ದರೆ ಕುಣಿದುಬಿಡುತ್ತಿದ್ದಳು. ಹಾಳಾದ ಅದೃಷ್ಟ, ಬೇಡವೆಂದ ದಿನವೇ ಬಂದು ವಕ್ಕರಿಸಿತ್ತು! ಉಳಿದದ್ದು ನಾಲ್ಕು ಸಣ್ಣ ಡೈಮಂಡು. ಪಕ್ಕದಲ್ಲಿ ರಬ್ಬರ್ ಸ್ಟಾಂಪ್ ಕೊರೆಯುತ್ತಿದ್ದ ಅವಳ ತಂಗಿ ಇಣುಕಿ ನೋಡಿ, “ಅಯ್ಯೋ!” ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಅವನು ಇಸ್ಪೀಟಿನ ಎರಡು ಇಳಿಸಿದ. ದೊಡ್ಡ ಎಲೆಯನ್ನು ಕೊನೆಗಿಟ್ಟುಕೊಂಡು ಸಣ್ಣದನ್ನೇ ಇಳಿಸುವುದು ಅವನ ಹುಟ್ಟುಗುಣ. ಎರಡಕ್ಕೆ ಸೋಲಬೇಕೆಂದರೆ ಏನು ಹಾಕುವುದು? ರಾಜ ಹಾಕಿ ಕೈ ಎತ್ತಿಕೊಂಡಳು. ತಾನು ಡೈಮಂಡಿನ ಮೂರು ಇಳಿಸಿದಳು; ಅವನು ನಾಲ್ಕು ಹಾಕಿ ಗೆದ್ದು, ಮಗುವಿನ ಹಾಗೆ ನಕ್ಕ. ಮತ್ತೆ ಇಸ್ಪೀಟಿನ ಐದು ಇಳಿಸಿದ. ಅವಳು ಹಲ್ಲು ಕಚ್ಚಿ ಎಕ್ಕ ಹಾಕಿದಳು. ಡೈಮಂಡಿನ ಐದು ಕೊಟ್ಟಳು, ಅವನು ಒಂಬತ್ತರಲ್ಲಿ ಹೊಡೆದ. ಎರಡು, ಎರಡು.

ಕಳಾವರ್ ಒಂದು ಬಿಟ್ಟು ಏನಾದರೂ ಇಳಿಸು ಮಾರಾಯ, ಎಂದು ಅವಳು ಮನಸ್ಸಿನಲ್ಲೇ ಗೋಗರೆದಳು. ಆ ಎಕ್ಕವನ್ನು ಹೇಗಾದರೂ ತೊಲಗಿಸಿಬಿಟ್ಟರೆ ಸೋಲು ಸಿಕ್ಕಂತೆ. ಅವನು ಎಲೆಗಳನ್ನು ಆಚೆ ಸರಿಸಿದ, ಈಚೆ ಸರಿಸಿದ, ಹಣೆ ಒರೆಸಿಕೊಂಡ.

ಕಳಾವರಿನ ಮೂರು.

“ಲಿಫ್ಟಣ್ಣಾ, ನಿಮ್ಮ ತಲೇಲೇನು ಜೇಡಿಮಣ್ಣಾ?” ಎಂದಳು ತಂಗಿ, ತಡೆಯಲಾರದೆ.

“ಯಾಕೆ, ಏನಾಯ್ತು?” ಎಂದ ಪಾಪದವನು.

ಎಕ್ಕ ಹಾಕದೆ ವಿಧಿಯಿರಲಿಲ್ಲ. ಮೂರು ಕೈ ಆಯಿತು. ಕೈಯಲ್ಲಿ ತುರುಫಿನ ಎಕ್ಕ, ರಾಜ. ಅವೆರಡನ್ನು ಗೆಲ್ಲುವ ಎಲೆ ಈ ಲೋಕದಲ್ಲಿ ಇರಲಿಲ್ಲ. ಆಟ ಮುಗಿದಿತ್ತು, ಅದು ಅವನಿಗಿನ್ನೂ ಗೊತ್ತಾಗಿರಲಿಲ್ಲ. ಅವಳು ಡೈಮಂಡಿನ ಆರು ಕೊಟ್ಟಳು, ಅವನು ಗುಲಾಮನಲ್ಲಿ ಎತ್ತಿದ. ಅವನು ಕಳಾವರಿನ ನಾಲ್ಕು ಇಳಿಸಿದ, ಅವಳು ಡೈಮಂಡಿನ ಏಳು ಎಸೆದು ಬಿಟ್ಟುಕೊಟ್ಟಳು.

“ನಾಲ್ಕು!” ಅವನು ಸ್ಟೂಲಿನಿಂದ ಎದ್ದೇ ಬಿಟ್ಟ. “ನಂದು ನಾಲ್ಕು, ನಿಮ್ದು ಮೂರು! ಇನ್ನೊಂದೇ ಒಂದು ಸಾಕು! ತುರುಫಿನ ರಾಣಿ, ಗುಲಾಮ ಎರಡೂ ಇಟ್ಕೊಂಡಿದೀನಿ, ಗೊತ್ತಾ?” ಎಂದು ಖುಷಿಯಲ್ಲಿ ಎಲೆ ತೋರಿಸಿಯೇಬಿಟ್ಟ.

ಒಂದು ಎಲೆಯನ್ನು ಮಡಿಲಿಗೆ ಜಾರಿಸಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಗೆಲ್ಲಲು ಮೋಸ ಮಾಡಿದವರನ್ನು ಅವಳು ಅಂಗಡಿಯಿಂದ ಅಟ್ಟಿದ್ದುಂಟು. ಸೋಲಲು ಮೋಸ ಮಾಡುವವರನ್ನು ಏನು ಮಾಡಬೇಕೋ! ಆದರೆ ಇಷ್ಟು ನಿಯತ್ತಾಗಿ ಒದ್ದಾಡುತ್ತಿರುವ ಮನುಷ್ಯನಿಗೆ ಸುಳ್ಳು ಗೆಲುವು ಕೊಡುವುದೆಂದರೆ ಅವನ ಮುಖಕ್ಕೆ ಉಗಿದಂತೆ. ಅವಳಿಂದ ಆಗಲಿಲ್ಲ. ಎರಡೂ ಎಲೆಗಳನ್ನು ಕೌಂಟರಿನ ಮೇಲೆ ಬಿಡಿಸಿಟ್ಟಳು.

“ಎರಡೂ ನಂದೇ,” ಎಂದಳು.

ಅವನು ಎಕ್ಕ ನೋಡಿದ, ರಾಜ ನೋಡಿದ, ಮೆಲ್ಲಗೆ ಕೂತ. “ಸರಿ. ಅಪ್ಪಣೆ ಏನು, ಬೇಗ ಹೇಳಿ. ಬಸ್ಸಿಗೆ ಹೊತ್ತಾಯ್ತು.”

“ಅಕ್ಕಾ, ಆ ಮಾತನ್ನ ಅವರೇ ಕೇಳ್ಲಿ ಅಂತ ಅಪ್ಪಣೆ ಮಾಡೇ!” ಎಂದು ತಂಗಿ ತಿವಿದಳು.

ಅವಳೂ ಅದನ್ನೇ ಹೇಳಲು ಬಾಯಿ ತೆರೆದಿದ್ದಳು. ಅವನು ಬಗ್ಗಿ ಟೂಲ್ ಬ್ಯಾಗಿನ ಪಟ್ಟಿ ಹಿಡಿಯುತ್ತಿದ್ದ. ಗೆದ್ದವಳು ತಾನು, ಈಗಲೂ ಕೇಳುವ ಕಷ್ಟ ಅವನಿಗೇ ಏಕೆ? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಮಾತು ಹೊರಬಿತ್ತು.

“ನನ್ನ ಮದ್ವೆ ಆಗ್ತೀರಾ? ಇದು ಅಪ್ಪಣೆ ಅಲ್ಲ, ಕೇಳ್ತಿದೀನಿ. ನಿಜ ಹೇಳ್ಬೇಕು ಅನ್ನೋದು ಅಪ್ಪಣೆ.”

ತಂಗಿಯ ಕೈಯಿಂದ ಸ್ಟಾಂಪ್ ಬಿತ್ತು. ಅವನು ಬ್ಯಾಗು ಬಿಟ್ಟ.

“ನಿಜ ಹೇಳ್ಬೇಕು ಅಂದ್ರೆ... ನಾನು ಗೆದ್ದಿದ್ರೆ ಕೇಳ್ತಿದ್ದದ್ದು, ಭಾನುವಾರ ಆಡೋಕೆ ಬರ್ಬಹುದಾ ಅಂತ. ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಕೇಳೋ ಧೈರ್ಯ ಇರ್ಲಿಲ್ಲ.”

“ಅಷ್ಟೇನಾ!” ಅವಳು ಕಿರುಚಿದಳು. ಅಷ್ಟಕ್ಕೆ ತಾನು ಸೋಲಲು ಹೊರಟಿದ್ದಳಲ್ಲ! ಸೋತಿದ್ದರೆ ಭಾನುವಾರ ಭಾನುವಾರ ಎಲೆ ಕಲೆಸುತ್ತ ಇಬ್ಬರೂ ಮುದುಕರಾಗುತ್ತಿದ್ದರು. ನೆನೆದರೆ ಮೈ ಜುಮ್ಮೆಂದಿತು, ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. “ನಾನು ಕೇಳಿದ್ದಕ್ಕೆ ಉತ್ತರ ಎಲ್ರೀ?”

“ಆಗ್ತೀನಿ,” ಎಂದ. ಅವಳೆಲ್ಲಿ ಮನಸ್ಸು ಬದಲಿಸುತ್ತಾಳೋ ಎಂಬಂತೆ, “ಆಗ್ತೀನಿ, ಆಗ್ತೀನಿ,” ಎಂದು ಅವಳ ಎರಡೂ ಕೈ ಹಿಡಿದುಕೊಂಡ.

ತಂಗಿ ಆಗಲೇ ಚಪ್ಪಲಿ ಮೆಟ್ಟಿಕೊಂಡು, ನಾಲ್ಕರ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂದು ವಿಚಾರಿಸಲು ಓಡಿದ್ದಳು.